ಎರಡನೇ ಮಗು, ಟೆಸ್ಟ್ ಭಯ: ಬರ್ಕ್ಲಿ ಕನ್ನಡಿಗರಿಗೆ ಒಂಬತ್ತು ಸೂತ್ರಗಳು

ಮೊದಲನೆಯದು ಸಲೀಸಾಗಿ ಆಗಿತ್ತು. ಬಾಣಂತನಕ್ಕೆ ಊರಿಂದ ಅಮ್ಮ ಬಂದಿದ್ದರು. ಆಶ್‌ಬಿ ಅವೆನ್ಯೂದ ಆಲ್ಟಾ ಬೇಟ್ಸ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬೆಳ್ಳುಳ್ಳಿ ಸಾರು, ಎಣ್ಣೆ ನೀರು ಎಲ್ಲ ಕ್ರಮವಾಗಿ ನಡೆದವು. ಆ ಕೂಸು ಈಗ ಪ್ರೀಸ್ಕೂಲಿಗೆ ಹೋಗುತ್ತಿದೆ. ಎರಡನೆಯದಕ್ಕೆ ಮಾತ್ರ ತಿಂಗಳು ತಿಂಗಳೂ ನಿರಾಸೆ. ‘ಒಂದ್ಸಲ ಟೆಸ್ಟ್ ಮಾಡಿಸಿಬಿಡೋಣ’ ಎಂದು ಡಾಕ್ಟರು ಅಂದ ದಿನದಿಂದ ನಿದ್ದೆ ಹಾರಿದೆ.

ಇದಕ್ಕೆ ವೈದ್ಯರು ಇಟ್ಟಿರುವ ಹೆಸರು ಸೆಕೆಂಡರಿ ಇನ್‌ಫರ್ಟಿಲಿಟಿ. ಮಕ್ಕಳೇ ಇಲ್ಲದವರ ಮುಂದೆ ಹೇಳಿಕೊಳ್ಳಲು ನಾಲಗೆ ಏಳುವುದಿಲ್ಲ. ಮಕ್ಕಳಿರುವವರು ‘ಒಂದಿದೆಯಲ್ಲ, ಸಾಕು ಬಿಡಿ’ ಅನ್ನುತ್ತಾರೆ. ಊರಿನ ಕಡೆಯಿಂದ ‘ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ’ ಎಂಬ ಗಾದೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಗರ್ಭ ನಿಲ್ಲದ ತೊಂದರೆ ಜೀವಮಾನದಲ್ಲಿ ಆರು ಜನರಲ್ಲಿ ಒಬ್ಬರನ್ನು ಕಾಡುತ್ತದೆ. ಒಂದು ಮಗುವಿನ ತಂದೆತಾಯಿಯೂ ಆ ಲೆಕ್ಕದಲ್ಲಿದ್ದಾರೆ.

ಮಗು ಕೊಡಿಸುವ ಸೂತ್ರ ಯಾರ ಹತ್ತಿರವೂ ಇಲ್ಲ. ಆದರೆ ಟೆಸ್ಟಿನ ಈ ಕಾಲವನ್ನು ತಲೆ ಕೆಡಿಸಿಕೊಳ್ಳದೆ, ಹಣ ಚೆಲ್ಲದೆ, ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಹರಿಹಾಯದೆ ದಾಟುವುದಕ್ಕೆ ದಾರಿಗಳಿವೆ.

1. ವಯಸ್ಸು ನೋಡಿ, ಆಮೇಲೆ ಗಾಬರಿಯಾಗಿ

ಹೆಂಡತಿಗೆ 35 ತುಂಬಿಲ್ಲದಿದ್ದರೆ ಒಂದು ವರ್ಷ ಪ್ರಯತ್ನಿಸಿದ ಮೇಲೆ, 35 ಆಗಿದ್ದರೆ ಆರು ತಿಂಗಳ ಮೇಲೆ, 40 ದಾಟಿದ್ದರೆ ಕಾಯದೆ ತಪಾಸಣೆ. ಅಮೆರಿಕದ ವೈದ್ಯರು ಪಾಲಿಸುವ ಕ್ರಮ ಇದು. ಮುಟ್ಟು ಏರುಪೇರಾಗುತ್ತಿದ್ದರೆ ಅಥವಾ ಎಂಡೊಮೆಟ್ರಿಯೋಸಿಸ್ ಇದ್ದರೆ ವಯಸ್ಸು ಎಷ್ಟಾದರೂ ಇರಲಿ, ತಡ ಬೇಡ.

30ರ ಆಸುಪಾಸಿನ ಆರೋಗ್ಯವಂತ ಹೆಂಗಸಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುಕಡಿಮೆ ಐದರಲ್ಲಿ ಒಂದು. 40ರಲ್ಲಿ ಅದು ನೂರಕ್ಕೆ ಐದಕ್ಕಿಂತ ಕಡಿಮೆ. ಹಾಗಾಗಿ 31ರವರು ನಾಲ್ಕು ತಿಂಗಳಿಗೇ ಕೈಚೆಲ್ಲಬೇಕಿಲ್ಲ. ನಮ್ಮವರ ಕಥೆ ಸಾಮಾನ್ಯವಾಗಿ ಬೇರೆ: ಎಂಎಸ್, ಪಿಎಚ್‌ಡಿ, ಎಚ್-1ಬಿ, ಮನೆ ಸಾಲ ಅಂತ ಸಾಗಿ ಎರಡನೆಯದರ ಯೋಚನೆ ಬರುವಷ್ಟರಲ್ಲಿ 37 ಆಗಿರುತ್ತದೆ. ಅಂಥವರು ಇನ್ನೊಂದು ಯುಗಾದಿ ಕಾಯಬಾರದು. ಮಗು ಇನ್ನೂ ರಾತ್ರಿ ಎದೆಹಾಲು ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅಂಡಾಣು ಬಿಡುಗಡೆಯಾಗದಿರಲು ಅದೂ ಕಾರಣವಾಗಬಹುದು.

2. ಒಂದೊಂದು ಟೆಸ್ಟಿಗೂ ಒಂದು ಪ್ರಶ್ನೆ ಕೇಳಿ

‘ಇದರ ರಿಸಲ್ಟ್ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?’ ರಕ್ತ ಕೊಡುವ ಮೊದಲೇ ಡಾಕ್ಟರನ್ನು ಕೇಳಿ. ಎರಡಕ್ಕೂ ಉತ್ತರ ಒಂದೇ ಆದರೆ ಆ ಟೆಸ್ಟು ಈಗ ಬೇಡ. ಭಯ ಅರ್ಧ ಇಳಿಯುವುದು ಇಲ್ಲೇ. ಮುಂದಿನ ಹೆಜ್ಜೆ ಗೊತ್ತಿದ್ದ ಮೇಲೆ ಸಂಖ್ಯೆ ಯಾವುದೇ ಬರಲಿ, ಕೈಯಲ್ಲಿ ಕೆಲಸವಿರುತ್ತದೆ.

ನಿಜವಾಗಿ ಬೇಕಾದ ಪ್ರಶ್ನೆಗಳೂ ಕೆಲವೇ. ಅಂಡಾಣು ಬಿಡುಗಡೆಯಾಗುತ್ತಿದೆಯೇ? ಮುಟ್ಟಿಗೆ ಸುಮಾರು ಏಳು ದಿನ ಮೊದಲು ಪ್ರೊಜೆಸ್ಟರಾನ್ ನೋಡಿದರೆ ತಿಳಿಯುತ್ತದೆ. ಗರ್ಭನಾಳ ತೆರೆದಿದೆಯೇ? ಗರ್ಭಕೋಶದ ಒಳಗೋಡೆ ಸರಿಯಿದೆಯೇ? ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹದದಲ್ಲಿವೆಯೇ? ವೀರ್ಯಾಣು ಸಾಕಷ್ಟಿದೆಯೇ? ಇದಿಷ್ಟಕ್ಕೆ ಉತ್ತರ ಸಿಗುವ ಮುನ್ನ ಆನ್‌ಲೈನಿನಲ್ಲಿ ಮಾರುವ ದುಬಾರಿ ಪ್ಯಾಕೇಜುಗಳ ಹತ್ತಿರವೂ ಸುಳಿಯಬೇಡಿ.

3. ಗಂಡನ ಟೆಸ್ಟು ಮೊದಲು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ, ನೋವು ಚೂರೂ ಇಲ್ಲ. ಆದರೂ ನಮ್ಮ ಮನೆಗಳಲ್ಲಿ ಹೆಂಡತಿಗೆ ನಾಲ್ಕು ಸಲ ಸೂಜಿ ಚುಚ್ಚಿದ ಮೇಲೆ ಇವರ ಸರದಿ. ‘ಮೊದಲನೇದು ಆಗಿದೆಯಲ್ಲ, ನನಗೇನಾಗಿದೆ?’ ಎಂಬ ವಾದ ನಿಲ್ಲುವುದಿಲ್ಲ. ನಾಲ್ಕು ವರ್ಷದಲ್ಲಿ ಗಂಡಸಿನ ತೂಕ, ಸಕ್ಕರೆ, ಔಷಧಿ, ನಿದ್ದೆ ಎಲ್ಲ ಬದಲಾಗಿರುತ್ತವೆ. ಗರ್ಭ ನಿಲ್ಲದ ಪ್ರಕರಣಗಳಲ್ಲಿ ಅರ್ಧದ ಹತ್ತಿರ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ.

ಮಾದರಿ ಕೊಡುವ ಮುನ್ನ ಎರಡರಿಂದ ಏಳು ದಿನದ ಅಂತರ ಬೇಕು. ಮನೆಯಲ್ಲೇ ಸಂಗ್ರಹಿಸಿದರೆ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಅದೂ ಮೈಬಿಸಿಯಲ್ಲಿ. ಲ್ಯಾಬು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರೆ ಈ ಒಂದು ಗಂಟೆಯ ಬೆಲೆ ತಿಳಿಯುತ್ತದೆ. ಬೆಳಗ್ಗೆ ಎಂಟರ ಹೊತ್ತಿಗೆ ಇಂಟರ್‌ಸ್ಟೇಟ್ 80ರಲ್ಲಿ ಬೇ ಬ್ರಿಜ್ ಟೋಲಿನ ಮುಂದೆ ಕಾರುಗಳು ನಿಂತಲ್ಲೇ ನಿಂತಿವೆ. ಅಂಗಿಯೊಳಗೆ ಪ್ಲಾಸ್ಟಿಕ್ ಡಬ್ಬಿ ಅವುಚಿಕೊಂಡ ಇಂಜಿನಿಯರು ಗಡಿಯಾರ ನೋಡುತ್ತ ಬೆವರುತ್ತಿದ್ದಾರೆ. ಈ ಪಾಡು ಬೇಡವೆಂದರೆ ಲ್ಯಾಬಿನಲ್ಲೇ ಕೋಣೆ ಇದೆಯೇ ಎಂದು ಮೊದಲೇ ವಿಚಾರಿಸಿ, ಇಲ್ಲವೇ ಕೊಲ್ಲಿಯ ಈಚೆ ದಡದ ಲ್ಯಾಬು ಹುಡುಕಿ.

ರಿಪೋರ್ಟಿನಲ್ಲಿ ಎಲ್ಲರನ್ನೂ ಹೆದರಿಸುವ ಸಾಲೊಂದಿದೆ: ಸರಿಯಾದ ಆಕಾರದ ವೀರ್ಯಾಣು ಶೇ 4. ‘ಹಾಗಾದರೆ ಶೇ 96 ಕೆಟ್ಟವೇ?’ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿಯೇ ಶೇ 4. ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಶೇ 42 ಚಲಿಸುವಂಥವು ಎಂಬುದು ಇನ್ನೆರಡು ಮಿತಿಗಳು. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನೇ ಅಳೆದು ಈ ಮಿತಿಗಳನ್ನು ಗೊತ್ತುಮಾಡಿದ್ದಾರೆ.

ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ ಈಗಿನ ರಿಪೋರ್ಟಿನಲ್ಲಿ ಕಾಣುವುದು ಅಂದು ಬಂದಿದ್ದ ಜ್ವರವಿರಬಹುದು. ಜಿಮ್ಮಿನವರು ಕೊಟ್ಟ ಟೆಸ್ಟೊಸ್ಟೆರಾನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಅದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ಇನ್ನು ಬೇ ಏರಿಯಾದವರ ಪ್ರೀತಿಯ ಹಾಟ್ ಟಬ್. ಯುಸಿಎಸ್‌ಎಫ್ ವೈದ್ಯರು 2007ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಬಿಸಿನೀರಿನ ಮುಳುಗು ಬಿಟ್ಟ 11 ಗಂಡಸರಲ್ಲಿ 5 ಮಂದಿಗೆ ಚಲಿಸುವ ವೀರ್ಯಾಣುಗಳ ಎಣಿಕೆ ಏರಿತು. ಸಣ್ಣ ಅಧ್ಯಯನವೇ ಸರಿ, ಆದರೆ ಬಿಡುವುದಕ್ಕೆ ಖರ್ಚೇನೂ ಇಲ್ಲವಲ್ಲ.

4. ಎಎಂಎಚ್ ನಿಮ್ಮ ಮಾರ್ಕ್ಸ್ ಕಾರ್ಡ್ ಅಲ್ಲ

ರ್‍ಯಾಂಕ್ ಬಂದವರೇ ತುಂಬಿರುವ ಊರಿದು. ಹಾಗಾಗಿ ಈ ಒಂದು ಸಂಖ್ಯೆ ಕಡಿಮೆ ಬಂದರೆ ಫೇಲಾದಂತೆ ಕುಸಿಯುತ್ತಾರೆ. ಅಂಡಾಶಯದಲ್ಲಿ ಅಂಡಾಣುಗಳ ದಾಸ್ತಾನು ಸುಮಾರು ಎಷ್ಟಿದೆ, ಐವಿಎಫ್ ಇಂಜೆಕ್ಷನ್ನಿಗೆ ಎಷ್ಟು ಸ್ಪಂದಿಸೀತು ಎಂಬುದನ್ನು ಎಎಂಎಚ್ ಎಂಬ ರಕ್ತ ಪರೀಕ್ಷೆ ಅಂದಾಜಿಸುತ್ತದೆ. ತಾನಾಗಿ ಗರ್ಭ ನಿಲ್ಲುತ್ತದೆಯೇ ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 30ರಿಂದ 44 ವಯಸ್ಸಿನ 750 ಹೆಂಗಸರಿದ್ದರು. ಅವರಲ್ಲಿ ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಪ್ರಮಾಣದಲ್ಲಿ ಗರ್ಭಿಣಿಯಾದರು. ಅವರೆಲ್ಲ ಆಗಷ್ಟೇ ಪ್ರಯತ್ನ ಶುರುಮಾಡಿದ್ದವರು, ಎರಡು ವರ್ಷ ಕಾದವರಲ್ಲ. ಅಷ್ಟು ವ್ಯತ್ಯಾಸ ನೆನಪಿರಲಿ.

ಹೆರಿಗೆಯಾದ ಮೇಲೆ ಕೂದಲು ಉದುರಿತೆಂದು ಬಯೋಟಿನ್ ನುಂಗುತ್ತಿದ್ದೀರಾ? ಅದು ಥೈರಾಯ್ಡ್ ಸೇರಿದಂತೆ ಹಲವು ಹಾರ್ಮೋನ್ ಟೆಸ್ಟುಗಳ ಫಲಿತಾಂಶವನ್ನೇ ತಿರುಚಬಲ್ಲದೆಂದು ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವ ಮುನ್ನ ಎಷ್ಟು ದಿನ ನಿಲ್ಲಿಸಬೇಕೆಂದು ಲ್ಯಾಬನ್ನು ಕೇಳಿ.

5. ಮೊದಲ ಹೆರಿಗೆಯ ಕಾಗದ ಹುಡುಕಿ ತೆಗೆಯಿರಿ

ಎರಡನೆಯದಕ್ಕೆ ಒದ್ದಾಡುವವರ ಕೈಯಲ್ಲಿ ಮೊದಲನೆಯದಕ್ಕೆ ಒದ್ದಾಡುವವರಿಗಿಲ್ಲದ ಒಂದು ಸುಳಿವಿದೆ. ಅದೇ ಹಿಂದಿನ ಹೆರಿಗೆ. ಸಿಸೇರಿಯನ್ ಆಯಿತೇ? ಮಾಸು ಬೀಳದೆ ಕೈಹಾಕಿ ತೆಗೆದರೇ? ಆಮೇಲೆ ಡಿ ಆ್ಯಂಡ್ ಸಿ ಮಾಡಿದರೇ? ಜ್ವರ, ಸೋಂಕು, ವಿಪರೀತ ರಕ್ತಸ್ರಾವ ಇತ್ತೇ? ಗರ್ಭಕೋಶದೊಳಗೆ ಕಲೆ ಕಟ್ಟಿರುವುದು, ಗರ್ಭನಾಳ ಮುಚ್ಚಿರುವುದು, ಸಿಸೇರಿಯನ್ ಗಾಯ ಸರಿಯಾಗಿ ಕೂಡದಿರುವುದು ಇವುಗಳ ಸುಳಿವು ಈ ಉತ್ತರಗಳಲ್ಲಿ ಸಿಗುತ್ತದೆ. ಹೆರಿಗೆಯ ನಂತರ ಮುಟ್ಟು ತೀರ ಕಡಿಮೆಯಾಗಿದ್ದರೆ ಕೇಳುವ ಮುಂಚೆಯೇ ಹೇಳಿ.

ಹೆರಿಗೆ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ, ತಾಯಿ ಕಾರ್ಡು ಎಲ್ಲವೂ ಅಮ್ಮನ ಬೀರುವಿನಲ್ಲಿರುತ್ತವೆ. ಅಪ್ಪನಿಗೆ ಹೇಳಿ ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಳ್ಳಿ. ಹಾಳೆಯ ಎರಡೂ ಬದಿ.

6. ಎಚ್‌ಎಸ್‌ಜಿ ಐದು ನಿಮಿಷದ್ದು, ಹೆದರಿಕೆ ಐದು ದಿನದ್ದು

ಗರ್ಭನಾಳ ತೆರೆದಿದೆಯೇ ಎಂದು ತಿಳಿಯಲು ಗರ್ಭಕೋಶಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ನೋಡುವ ಈ ಟೆಸ್ಟನ್ನು ಆ ತಿಂಗಳ ಮುಟ್ಟು ಮುಗಿದ ಮೇಲೆ, ಅಂಡಾಣು ಬಿಡುಗಡೆಗೆ ಮುನ್ನ ಮಾಡುತ್ತಾರೆ. ಹೊಟ್ಟೆ ಹಿಂಡಿದಂತಾಗುತ್ತದೆ. ಡಾಕ್ಟರು ಒಪ್ಪಿದರೆ ಒಂದು ಗಂಟೆ ಮೊದಲು ಐಬುಪ್ರೊಫೇನ್ ನುಂಗಿ, ಕಾರು ಗಂಡ ಓಡಿಸಲಿ. ನೆದರ್‌ಲ್ಯಾಂಡ್ಸ್‌ನ ವೈದ್ಯರು 2017ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಎಣ್ಣೆ ಬೆರೆತ ದ್ರವ ಬಳಸಿದವರಲ್ಲಿ ಆರು ತಿಂಗಳೊಳಗೆ ಸುಮಾರು ಶೇ 40 ಮಂದಿಗೆ ಗರ್ಭ ನಿಂತಿತು, ನೀರಿನ ದ್ರವ ಬಳಸಿದವರಲ್ಲಿ ಶೇ 29. ನಿಮಗೆ ಯಾವುದು ಬಳಸುತ್ತಾರೆಂದು ಕೇಳಿ. ಥೈರಾಯ್ಡ್ ತೊಂದರೆಯಿದ್ದರೆ ಅಯೋಡಿನ್ ವಿಚಾರವನ್ನೂ ಮಾತಾಡಿ.

7. ಮೈಚಾರ್ಟ್ ಸದ್ದು ಮಾಡಿದ ಕೂಡಲೇ ತೆರೆಯಬೇಡಿ

ಶುಕ್ರವಾರ ಸಂಜೆ ಆರೂ ಕಾಲು. ತವಾ ಮೇಲೆ ಚಪಾತಿ, ಕಾಲಿಗೆ ಜೋತುಬಿದ್ದ ಮಗು, ಫೋನಿನಲ್ಲಿ ಆಸ್ಪತ್ರೆಯ ಮೈಚಾರ್ಟ್ ಆ್ಯಪ್ ಟಿಂಗ್ ಅಂದಿತು: ಹೊಸ ರಿಸಲ್ಟ್ ಬಂದಿದೆ. ಕೆಂಪಕ್ಷರದಲ್ಲಿ ಒಂದು ಸಂಖ್ಯೆ. ಕ್ಲಿನಿಕ್ಕು ಮುಚ್ಚಿದೆ, ಸೋಮವಾರದವರೆಗೆ ಗೂಗಲ್ಲೇ ಡಾಕ್ಟರು. ಚಪಾತಿ ಸೀದಿದ್ದು ಗೊತ್ತಾಗುವಾಗ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತಿರುತ್ತದೆ.

ಇದು ವೈದ್ಯರ ನಿರ್ಲಕ್ಷ್ಯವೇನಲ್ಲ. ಅಮೆರಿಕದ ಕ್ಯೂರ್ಸ್ ಕಾಯ್ದೆಯ ನಿಯಮ 2021ರ ಏಪ್ರಿಲಿನಲ್ಲಿ ಜಾರಿಗೆ ಬಂದಂದಿನಿಂದ ಹೆಚ್ಚಿನ ಫಲಿತಾಂಶಗಳು ಡಾಕ್ಟರು ನೋಡುವ ಮೊದಲೇ ರೋಗಿಯ ಫೋನಿಗೆ ಬಂದು ಬೀಳುತ್ತಿವೆ. ರಿಸಲ್ಟು ನಿಮ್ಮ ಹಕ್ಕು, ಯಾವಾಗ ನೋಡಬೇಕೆಂಬುದೂ ನಿಮ್ಮದೇ ಹಕ್ಕು. ನೋಟಿಫಿಕೇಶನ್ ಆಫ್ ಮಾಡಿ. ರಕ್ತ ಕೊಡುವ ದಿನವೇ ಫೋನ್ ಅಪಾಯಿಂಟ್‌ಮೆಂಟ್ ಹಾಕಿಸಿ, ಅದಕ್ಕೆ ಹತ್ತು ನಿಮಿಷ ಮುಂಚೆ ಇಬ್ಬರೂ ಕೂತು ತೆರೆಯಿರಿ. ಒಬ್ಬರೇ, ಬಾತ್‌ರೂಮಿನಲ್ಲಿ, ಮಧ್ಯರಾತ್ರಿ ಬೇಡ.

8. ‘ಟೆನ್ಷನ್ ಬಿಡು, ತಾನಾಗೇ ಆಗುತ್ತೆ’ ಅನ್ನುವವರಿಗೆ

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ಲಿವರ್‌ಮೋರ್ ದೇವಸ್ಥಾನದ ಪಾರ್ಕಿಂಗಿನಲ್ಲಿ ಈ ಉಪದೇಶ ಧಾರಾಳವಾಗಿ ಸಿಗುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ, ಮಾತು ಮಾತ್ರ ತಪ್ಪು. ಬ್ರಿಟಿಷ್ ಮೆಡಿಕಲ್ ಜರ್ನಲ್ 2011ರಲ್ಲಿ 14 ಅಧ್ಯಯನಗಳ 3,500ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. ಚಿಕಿತ್ಸೆಗೆ ಮುನ್ನ ಆತಂಕ ಇದ್ದವರಿಗೂ ಇಲ್ಲದವರಿಗೂ ಆ ಸುತ್ತಿನ ಐವಿಎಫ್ ಫಲಿತಾಂಶದಲ್ಲಿ ಅದರಿಂದ ವ್ಯತ್ಯಾಸವಾಗಿರಲಿಲ್ಲ. ನೀವು ಅತ್ತಿದ್ದರಿಂದ ಮಗು ತಪ್ಪಿಹೋಗಲಿಲ್ಲ. ಈ ಒಂದು ವಾಕ್ಯ ಫ್ರಿಜ್ಜಿನ ಮೇಲೆ ಅಂಟಿಸಿಕೊಂಡರೂ ತಪ್ಪಿಲ್ಲ.

ಹಾಗೆಂದು ಆತಂಕವನ್ನು ನುಂಗಿಕೊಂಡಿರಬೇಡಿ. ಮಗು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ ಕೌನ್ಸೆಲರನ್ನು ನೋಡಿ. ಗರ್ಭ ನಿಲ್ಲದ ತೊಂದರೆಯವರಿಗಾಗಿ ಇರುವ ರಿಸಾಲ್ವ್ ಸಂಸ್ಥೆಯ ಬೆಂಬಲ ಗುಂಪುಗಳೂ ಇವೆ. ಊರಿಂದ ಬರುವ ಫೋನನ್ನು ಮಾತ್ರ ನೀವೇ ಸಂಭಾಳಿಸಬೇಕು. ಬರ್ಕ್ಲಿಯಲ್ಲಿ ಬೇಸಿಗೆಯ ರಾತ್ರಿ ಎಂಟೂವರೆ, ಬೆಂಗಳೂರಲ್ಲಿ ಬೆಳಗ್ಗೆ ಒಂಬತ್ತು. ‘ಏನೇ, ಇನ್ನೊಂದರ ವಿಚಾರ ಏನ್ಮಾಡಿದ್ರಿ?’ ಅಂತ ಅಮ್ಮ ಕೇಳಿದರೆ ‘ಡಾಕ್ಟ್ರಿಗೆ ತೋರಿಸ್ತಾ ಇದೀವಮ್ಮ, ಏನಾದ್ರೂ ಇದ್ರೆ ನಾನೇ ಹೇಳ್ತೀನಿ’ ಅಂದರೆ ಸಾಕು. ಅತ್ತೆಗೆ ಇದೇ ಉತ್ತರವನ್ನು ಅವರ ಮಗನೇ ಕೊಡಲಿ.

9. ದುಡ್ಡಿನ ಲೆಕ್ಕ ಇಂದೇ ಹಾಕಿ

ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಸಹಿಯಾದ ಎಸ್‌ಬಿ 729 ಕಾಯ್ದೆ 2026ರ ಜನವರಿ 1ರಿಂದ ಜಾರಿಯಲ್ಲಿದೆ. ರಾಜ್ಯದ ನಿಯಂತ್ರಣದಲ್ಲಿರುವ ದೊಡ್ಡ ಕಂಪನಿಗಳ ಗುಂಪು ವಿಮೆ ಇನ್ನು ಮುಂದೆ ಇಂಥ ತಪಾಸಣೆ, ಚಿಕಿತ್ಸೆಯ ಜೊತೆಗೆ ಮೂರು ಸಲದವರೆಗೆ ಅಂಡಾಣು ತೆಗೆಯುವ ಖರ್ಚನ್ನೂ ಒಳಗೊಳ್ಳಬೇಕು. ಒಂದು ಮಗು ಇದೆ ಎಂದು ನೀವೇ ಹಿಂದೆ ಸರಿಯಬೇಡಿ. ಆದರೆ ಕಂಪನಿ ತಾನೇ ಹಣ ಹಾಕಿ ನಡೆಸುವ ಸೆಲ್ಫ್ ಫಂಡೆಡ್ ಪ್ಲಾನಿಗೆ ಈ ಕಾಯ್ದೆ ಅನ್ವಯಿಸದು, ಅಲ್ಲಿ ಕಂಪನಿಯ ಸೌಲಭ್ಯವೇ ಗತಿ. ಎಚ್‌ಆರ್‌ಗೆ ಒಂದೇ ಸಾಲಿನ ಇಮೇಲ್ ಬರೆಯಿರಿ: ನಮ್ಮ ಪ್ಲಾನು ಸೆಲ್ಫ್ ಫಂಡೆಡ್ ಹೌದೋ ಅಲ್ಲವೋ?

‘ಡಿಸೆಂಬರಿಗೆ ಊರಿಗೆ ಹೋದಾಗ ಅಗ್ಗದಲ್ಲಿ ಮಾಡಿಸಿಬಿಡೋಣ’ ಎಂಬ ಯೋಚನೆ ಸಹಜ. ವೀರ್ಯ ಪರೀಕ್ಷೆ, ಸ್ಕ್ಯಾನ್ ಅಲ್ಲಿ ಮಾಡಿಸಬಹುದು. ಮೂರು ವಾರದ ರಜೆಗೆ ಮುಟ್ಟಿನ ದಿನಗಳು ಹೊಂದುವುದಿಲ್ಲ, ಎರಡು ಲ್ಯಾಬಿನ ಸಂಖ್ಯೆಗಳು ತಾಳೆಯಾಗುವುದಿಲ್ಲ. ಹಾಗಾಗಿ ಹಾರ್ಮೋನ್ ಟೆಸ್ಟು, ಚಿಕಿತ್ಸೆ ಎರಡೂ ನೀವಿರುವ ಊರಲ್ಲೇ ಆಗಲಿ. ಬಾಡಿಗೆ ತಾಯ್ತನಕ್ಕೆ ಭಾರತವನ್ನು ನೆಚ್ಚಿಕೊಳ್ಳಬೇಡಿ. ಬದುಕಿರುವ ಮಗುವಿರುವ ದಂಪತಿಗೆ, ಕೆಲವು ವಿನಾಯಿತಿ ಬಿಟ್ಟರೆ, 2021ರ ಕಾಯ್ದೆ ಆ ಬಾಗಿಲು ಮುಚ್ಚಿದೆ.

ಹೊಸ ರೋಗಿಗೆ ಕ್ಲಿನಿಕ್ಕುಗಳಲ್ಲಿ ವಾರಗಟ್ಟಲೆ ಕಾಯಬೇಕಾಗಬಹುದು. ಅಪಾಯಿಂಟ್‌ಮೆಂಟನ್ನು ಇಬ್ಬರ ಹೆಸರಿನಲ್ಲೂ ಈಗಲೇ ಕೇಳಿ. ಮಕ್ಕಳನ್ನು ಕರೆತರಬೇಡಿ ಎಂದು ಹಲವು ಕ್ಲಿನಿಕ್ಕುಗಳು ಹೇಳುತ್ತವೆ, ರಕ್ತ ಪರೀಕ್ಷೆಯನ್ನು ಬೆಳಗ್ಗೆಯೇ ಮಾಡುತ್ತವೆ. ಆದ್ದರಿಂದ ಪ್ರೀಸ್ಕೂಲಿಗೆ ಬಿಟ್ಟುಬರುವ ಸರದಿ ಯಾರದೆಂದು ಇವತ್ತು ರಾತ್ರಿಯೇ ಮಾತಾಡಿಕೊಳ್ಳಿ.