ತುತ್ತೆತ್ತುವ ಕೈ

ನೋಡವ್ವ, ಪಿಯುಸಿ ವಿಜ್ಞಾನ ಮುಗಿದ ಮೇಲೆ ಎಂಬಿಬಿಎಸ್ ಸೀಟು ಸಿಗಲಿಲ್ಲವೆಂದು ಕೈಚೆಲ್ಲಿ ಕೂರಬೇಡ. ಆಕ್ಯುಪೇಷನಲ್ ಥೆರಪಿ ಅಂತ ಒಂದು ಪದವಿ ಇದೆ. ಹರಪನಹಳ್ಳಿ ತಾಲ್ಲೂಕಿನ ನಮ್ಮ ಹಲವಾಗಲಿನಂಥ ಊರುಗಳಿಗೆ ಅದನ್ನು ಓದಿದವರು ಬೇಕೇ ಬೇಕು.

ಲಕ್ವ ಹೊಡೆದವರನ್ನು ದಾವಣಗೆರೆಗೆ ಒಯ್ದು ಜೀವ ಉಳಿಸಿಕೊಂಡು ಬರುತ್ತೇವೆ. ಆಮೇಲೆ? ರೊಟ್ಟಿ ಮುರಿಯಲಾಗದು, ಅಂಗಿಯ ಗುಂಡಿ ಹಾಕಲಾಗದು, ಬಚ್ಚಲಿಗೆ ಹೋಗಲು ಇನ್ನೊಬ್ಬರ ಹೆಗಲು ಬೇಕು. ಮನೆಯವರು ಅಕ್ಕರೆಯಿಂದಲೇ ಉಣಿಸುತ್ತಾರೆ. ಆದರೆ ಬಳಸದ ಕೈ ಇನ್ನಷ್ಟು ಸೋಲುತ್ತದೆ. ಫಿಸಿಯೊಥೆರಪಿಯಿಂದ ಕೈಕಾಲಿಗೆ ಬಲ ಬರುತ್ತದೆ. ಆ ಬಲದಲ್ಲಿ ತುತ್ತೆತ್ತುವುದನ್ನು, ಸೀರೆ ಉಡುವುದನ್ನು, ಮತ್ತೆ ಅಂಗಡಿಯಲ್ಲಿ ಕೂತು ಚಿಲ್ಲರೆ ಎಣಿಸುವುದನ್ನು ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟರು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸುವುದು, ಅಂಗಿ ತೊಡುವಾಗ ಸೋತ ಕೈಯನ್ನೇ ಮೊದಲು ತೋಳಿನೊಳಗೆ ತೂರಿಸುವುದು: ಖರ್ಚು ಕಡಿಮೆ, ಆದರೆ ಕಲಿತವರೇ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಹುಟ್ಟಿನಿಂದಲೇ ಕೈಕಾಲು ಬಿಗಿದ ಮಕ್ಕಳಿಗೂ ಇದೇ ವಿದ್ಯೆ ಬೇಕು, ಅದೂ ಎಳವೆಯಲ್ಲೇ.

ಈ ವಿದ್ಯೆ ದೇಶಕ್ಕೆ ಹೊಸದೇನಲ್ಲ. ಕಮಲಾ ನಿಂಬ್ಕರ್ ಎಂಬುವರು 1950ರಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದಕ್ಕೊಂದು ಶಾಲೆ ತೆರೆದರು. ಇಂಥ ವೃತ್ತಿಗಳಿಗೆ ಕೇಂದ್ರ ಆಯೋಗ ರಚಿಸುವ ಕಾಯ್ದೆ ಬಂದದ್ದು ಮಾತ್ರ 2021ರಲ್ಲಿ. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಕಲಿಸುತ್ತಾರೆ. ಕಟಕ್ ಹತ್ತಿರವೂ ಕೋಲ್ಕತ್ತಾದಲ್ಲೂ ಇದನ್ನು ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಶುಲ್ಕ ಎಷ್ಟೆಂದು ಎಲ್ಲ ಕಡೆ ಕೇಳಿ, ಆಮೇಲೆ ಅರ್ಜಿ ಹಾಕು.

ಓದುವಾಗ ಒಂದು ಮಾತು ನೆನಪಿಡು. ದೊಡ್ಡ ಆಸ್ಪತ್ರೆಯ ನುಣುಪು ನೆಲದ ಮೇಲೆ ಕಲಿತದ್ದು ನಮ್ಮ ಹೊಳೆದಂಡೆಯ ಊರಿಗೆ ಹಾಗೇ ಒಗ್ಗುವುದಿಲ್ಲ. ಇಲ್ಲಿ ಎತ್ತರದ ಹೊಸ್ತಿಲು, ನೆಲದ ಮೇಲಿನ ಊಟ, ಹಿತ್ತಲಿನ ಶೌಚಾಲಯ. ತರಬೇತಿಯಲ್ಲೇ ಹಳ್ಳಿ ಮನೆಗಳಿಗೆ ಕಳಿಸಿರೆಂದು ಮೇಷ್ಟ್ರನ್ನು ಕೇಳಿಕೋ.

ಇನ್ನು ನೌಕರಿ. ನಮ್ಮ ಹರಪನಹಳ್ಳಿ ತಾಲ್ಲೂಕಿಗೆ ಸಂವಿಧಾನದ 371ಜೆ ವಿಧಿ ಅನ್ವಯಿಸುತ್ತದೆ, ಅದರಿಂದ ಸರ್ಕಾರಿ ನೇಮಕದಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ. ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೋ. ಆದರೆ ಹುದ್ದೆ ಮಂಜೂರಾಗದಿದ್ದರೆ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ. ಕಲಿತ ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದರೆ ತಪ್ಪು ಅವರದಲ್ಲ. ಹಳ್ಳಿಗೆ ಬನ್ನಿ ಎಂದು ಉಪದೇಶ ಮಾಡುವವರು ಮೊದಲು ಅವರಿಗೆ ಕಾಯಂ ಕೆಲಸ, ಸರಿಯಾದ ಸಂಬಳ, ಓಡಾಡಲು ವಾಹನ ಕೊಡಬೇಕು.

ಪಂಚಾಯಿತಿ ಸದಸ್ಯರೇ, ನಿಮಗೂ ಇದೇ ಮಾತು. ಈ ಮಗಳು ಓದಿ ಮುಗಿಸುವುದಕ್ಕೆ ಇನ್ನೂ ವರ್ಷಗಳಿವೆ. ಅಷ್ಟರಲ್ಲಿ ಹರಪನಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಆಕ್ಯುಪೇಷನಲ್ ಥೆರಪಿಸ್ಟರ ಕಾಯಂ ಹುದ್ದೆ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ, ಶಾಸಕರಿಗೆ ತಲುಪಿಸಿ.