ಜೀವಗ್ರಂಥದ ಸಂಪಾದನೆ

ಹಳೆಯ ಓಲೆಗರಿಯ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ, ಶುದ್ಧಪಾಠವನ್ನು ನಿರ್ಣಯಿಸುವ ಶಾಸ್ತ್ರಕ್ಕೆ ಗ್ರಂಥಸಂಪಾದನೆ ಎಂದು ಹೆಸರು. ಲಿಪಿಕಾರನ ಕೈತಪ್ಪಿನಿಂದ ಒಂದು ಅಕ್ಷರ ಬದಲಾದರೆ ಪದ್ಯದ ಅರ್ಥವೆಲ್ಲ ತಲೆಕೆಳಗಾಗುವುದುಂಟೆಂದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈಚಿನ ವರ್ಷಗಳಲ್ಲಿ ಜೀವವಿಜ್ಞಾನಿಗಳೂ ಸಂಪಾದನೆ ಎಂಬ ಇದೇ ಮಾತನ್ನು ಬಳಸತೊಡಗಿದ್ದಾರೆ. ಅವರು ಪರಿಷ್ಕರಿಸುವ ಗ್ರಂಥವು ಓಲೆಯ ಮೇಲೆ ಇಲ್ಲ. ಪ್ರತಿಯೊಂದು ಜೀವಕೋಶದ ಒಳಗೆ ಇದೆ. ಆ ಗ್ರಂಥಕ್ಕೆ ಜೀನೋಮ್ ಎಂದೂ, ಅದನ್ನು ತಿದ್ದುವ ಕಾರ್ಯಕ್ಕೆ ಜೀನೋಮ್ ಸಂಪಾದನೆ ಎಂದೂ ಹೆಸರು. ಈ ವಿದ್ಯೆಯಿಂದ ಸಂಶೋಧನೆಗೆ, ವೈದ್ಯಕ್ಕೆ, ಬೇಸಾಯಕ್ಕೆ ಆಗಿರುವ ಪ್ರಯೋಜನವೇನು, ಎಚ್ಚರ ಬೇಕಾದುದೆಲ್ಲಿ ಎಂಬುದನ್ನು ಮುಖ್ಯವಾಗಿ ಒಂದು ರೋಗದ ಉದಾಹರಣೆಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಒಂದು ಅಕ್ಷರದ ವ್ಯತ್ಯಾಸ

ಜೀವಗ್ರಂಥದ ವರ್ಣಮಾಲೆಯಲ್ಲಿ ಇರುವುವು ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ಡಿ.ಎನ್.ಎ. ಎಂಬ ನೀಳವಾದ ಎಳೆಯಲ್ಲಿ ಈ ನಾಲ್ಕು ರಾಸಾಯನಿಕ ಘಟಕಗಳು ಸಾಲಾಗಿ ಪೋಣಿಸಲ್ಪಟ್ಟಿವೆ. ಮನುಷ್ಯನ ಜೀನೋಮಿನಲ್ಲಿ ಇಂತಹ ಅಕ್ಷರಗಳು ಸುಮಾರು 300 ಕೋಟಿ. ಒಂದೊಂದು ಪ್ರೋಟೀನಿನ ರಚನೆಗೆ ಬೇಕಾದ ಆದೇಶವನ್ನು ಹೊತ್ತಿರುವ ಭಾಗವೇ ವಂಶವಾಹಿ.

ಹನ್ನೊಂದನೆಯ ವರ್ಣತಂತುವಿನಲ್ಲಿ ರಕ್ತದ ಹಿಮೊಗ್ಲೋಬಿನ್ನಿನ ಒಂದು ಭಾಗವನ್ನು ರಚಿಸುವ ವಂಶವಾಹಿಯಿದೆ. ಅದರಲ್ಲಿ ಒಂದು ಕಡೆ ‘ಎ’ ಇರಬೇಕಾದಲ್ಲಿ ಕೆಲವರಿಗೆ ‘ಟಿ’ ಇರುತ್ತದೆ. ಇಷ್ಟೇ ವ್ಯತ್ಯಾಸ. ಇದರಿಂದ ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲದ ಸ್ಥಾನಕ್ಕೆ ವ್ಯಾಲೀನ್ ಬಂದು ಕೂರುತ್ತದೆ. ತಾಯಿತಂದೆಗಳಿಬ್ಬರಿಂದಲೂ ಈ ಪಾಠವನ್ನೇ ಪಡೆದ ಮಗುವಿನ ಕೆಂಪು ರಕ್ತಕಣಗಳು ಆಮ್ಲಜನಕ ಕಡಮೆಯಾದಾಗ ದುಂಡಗಿನ ಆಕಾರವನ್ನು ಕಳೆದುಕೊಂಡು ಕುಡುಗೋಲಿನಂತೆ ಬಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ದುಸ್ಸಹವಾದ ನೋವನ್ನುಂಟುಮಾಡುತ್ತವೆ. ಬೇಗ ಒಡೆದುಹೋಗುವುದರಿಂದ ರಕ್ತಹೀನತೆಯೂ ಒದಗುತ್ತದೆ. ಇದೇ ಕುಡುಗೋಲು ಕಣ ರೋಗ ಅಥವಾ ಸಿಕಲ್ ಸೆಲ್ ರೋಗ. ಒಬ್ಬರಿಂದ ಮಾತ್ರ ಈ ಪಾಠವನ್ನು ಪಡೆದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರು ವಾಹಕರು ವಿವಾಹವಾದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಈ ಬಾಗಿದ ಕಣಗಳನ್ನು ವರ್ಣಿಸಿದನು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಈ ದೋಷ ಹಿಮೊಗ್ಲೋಬಿನ್ ಅಣುವಿನಲ್ಲಿಯೇ ಇದೆಯೆಂದು ತೋರಿಸಿದರು. ನಮ್ಮ ದೇಶದಲ್ಲಿ 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಇದು ಮೊದಲು ಪತ್ತೆಯಾಯಿತು. ನೀಲಗಿರಿಗೆ ಹೊಂದಿಕೊಂಡಿರುವ ನಮ್ಮ ಚಾಮರಾಜನಗರ, ಮೈಸೂರು ಜಿಲ್ಲೆಗಳ ಕಾಡಂಚಿನ ಹಾಡಿಗಳಿಗೂ ಈ ರೋಗ ಅಪರಿಚಿತವಲ್ಲ.

ಕತ್ತರಿ ದೊರೆತ ಬಗೆ

300 ಕೋಟಿ ಅಕ್ಷರಗಳ ನಡುವೆ ಬೇಕಾದ ಒಂದು ಸ್ಥಳವನ್ನು ಹುಡುಕಿ ತಿದ್ದುವುದು ಹೇಗೆ? ಇದಕ್ಕೆ ಉತ್ತರ ದೊರೆತುದು ಬ್ಯಾಕ್ಟೀರಿಯಗಳಿಂದ. 1987ರಲ್ಲಿ ಜಪಾನಿನ ಇಶಿನೋ ಮತ್ತು ಸಂಗಡಿಗರು ಬ್ಯಾಕ್ಟೀರಿಯವೊಂದರ ಡಿ.ಎನ್.ಎ.ಯಲ್ಲಿ ಮತ್ತೆ ಮತ್ತೆ ಬರುವ ವಿಚಿತ್ರವಾದ ಸಾಲುಗಳನ್ನು ಕಂಡರು. 2005ರಲ್ಲಿ ಸ್ಪೇನಿನ ಮೊಹಿಕಾ, ಆ ಸಾಲುಗಳ ನಡುವಣ ತುಣುಕುಗಳು ಬ್ಯಾಕ್ಟೀರಿಯಕ್ಕೆ ಹಿಂದೆ ತಗುಲಿದ್ದ ವೈರಸ್ಸುಗಳ ಗುರುತುಗಳೆಂದು ವಾದಿಸಿದನು. 2007ರಲ್ಲಿ ಮೊಸರಿನ ಬ್ಯಾಕ್ಟೀರಿಯದ ಮೇಲೆ ನಡೆದ ಪ್ರಯೋಗಗಳು ಇದನ್ನು ಸ್ಥಿರಪಡಿಸಿದವು. ಪೊಲೀಸ್ ಠಾಣೆಯಲ್ಲಿ ಹಳೆಯ ಕಳ್ಳರ ಬೆರಳಚ್ಚುಗಳನ್ನು ಇಟ್ಟುಕೊಳ್ಳುವಂತೆ ಈ ಸೂಕ್ಷ್ಮಜೀವಿಯು ಶತ್ರುವಿನ ಗುರುತನ್ನು ಇಟ್ಟುಕೊಂಡಿರುತ್ತದೆ; ಶತ್ರು ಮತ್ತೆ ಬಂದಾಗ ಗುರುತುಹಿಡಿದು ಕತ್ತರಿಸುತ್ತದೆ. ಈ ಏರ್ಪಾಟಿಗೆ ಕ್ರಿಸ್ಪರ್ ಎಂದು ಹೆಸರು.

2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮ್ಯಾನ್ಯುಯೆಲ್ ಶಾರ್ಪೆಂಟ್ಯೇ ಎಂಬ ಇಬ್ಬರು ಮಹಿಳೆಯರು ಈ ಏರ್ಪಾಟನ್ನು ಸರಳಗೊಳಿಸಿ, ನಮಗೆ ಬೇಕಾದಲ್ಲಿ ಕತ್ತರಿಸಬಲ್ಲ ಸಾಧನವನ್ನಾಗಿ ಮಾಡಿದರು. 2020ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಇವರಿಬ್ಬರಿಗೂ ಸಂದಿತು. ಇದರಲ್ಲಿ ಎರಡು ಅಂಗಗಳಿವೆ. ಸುಮಾರು ಇಪ್ಪತ್ತು ಅಕ್ಷರಗಳ ಒಂದು ಆರ್.ಎನ್.ಎ. ತುಣುಕು ದಾರಿತೋರುಕ, ಕ್ಯಾಸ್-9 ಎಂಬ ಪ್ರೋಟೀನು ಕತ್ತರಿ. ದಾರಿತೋರುಕವು ತನಗೆ ಹೊಂದುವ ಸ್ಥಳವನ್ನು ಹುಡುಕಿ ನಿಂತೊಡನೆ ಕತ್ತರಿಯು ಡಿ.ಎನ್.ಎ.ಯನ್ನು ತುಂಡರಿಸುತ್ತದೆ. ಜೀವಕೋಶವು ಆ ಗಾಯವನ್ನು ಕೂಡಿಸಿಕೊಳ್ಳುವಾಗ ಅಲ್ಲಿಯ ಬರಹವು ಕೆಟ್ಟು ಆ ವಂಶವಾಹಿಯು ನಿಷ್ಕ್ರಿಯವಾಗಬಹುದು; ಇಲ್ಲವೆ ನಾವು ಒದಗಿಸಿದ ಮಾದರಿಯಂತೆ ಹೊಸ ಬರಹ ಮೂಡಬಹುದು. ಇಂತಹ ಸಾಧನಗಳು ಮೊದಲೂ ಇದ್ದವು. ಆದರೆ ಪ್ರತಿಯೊಂದು ಸ್ಥಳಕ್ಕೂ ಹೊಸ ಪ್ರೋಟೀನನ್ನು ರಚಿಸಬೇಕಾಗಿದ್ದುದರಿಂದ ಅವು ಶ್ರಮಸಾಧ್ಯವಾಗಿದ್ದವು. ಈಗ ದಾರಿತೋರುಕವನ್ನು ಬದಲಾಯಿಸಿದರೆ ಸಾಕು.

ಸಂಶೋಧನೆಯಿಂದ ಚಿಕಿತ್ಸೆಗೆ

ಒಂದು ವಂಶವಾಹಿಯ ಕೆಲಸವೇನೆಂದು ತಿಳಿಯಲು ಅದನ್ನು ನಿಲ್ಲಿಸಿ, ಆಗುವ ಪರಿಣಾಮವನ್ನು ನೋಡುವುದು ಒಳ್ಳೆಯ ಮಾರ್ಗ. ಈ ಮಾರ್ಗ ಎಷ್ಟು ಫಲಕಾರಿಯೆಂಬುದಕ್ಕೆ ಮೇಲ್ಕಂಡ ರೋಗವೇ ನಿದರ್ಶನ.

ತಾಯಿಯ ಗರ್ಭದಲ್ಲಿರುವ ಶಿಶುವಿಗೆ ಬೇರೊಂದು ಬಗೆಯ ಹಿಮೊಗ್ಲೋಬಿನ್ ಇರುತ್ತದೆ. ಜನನಾನಂತರ ಕೆಲವು ತಿಂಗಳುಗಳಲ್ಲಿ ಅದರ ಉತ್ಪತ್ತಿ ಬಹುಮಟ್ಟಿಗೆ ನಿಂತುಹೋಗುತ್ತದೆ. ಕುಡುಗೋಲು ಕಣ ರೋಗದ ಲಕ್ಷಣಗಳು ಕಾಣಿಸಿಕೊಳ್ಳುವುದು ಆ ಬಳಿಕವೇ. ಹಾಗಾದರೆ ನಿಂತುಹೋದುದನ್ನು ಮತ್ತೆ ಪ್ರಾರಂಭಿಸಿದರೆ ರೋಗ ತಗ್ಗಬೇಕಲ್ಲವೆ? ಅದನ್ನು ನಿಲ್ಲಿಸುವುದು ಬಿಸಿಎಲ್11ಎ ಎಂಬ ವಂಶವಾಹಿಯೆಂದು 2008ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ತೋರಿಸಿದರು. ಆದರೆ ಆ ವಂಶವಾಹಿಗೆ ದೇಹದಲ್ಲಿ ಬೇರೆ ಕೆಲಸಗಳೂ ಇವೆ. ಅದನ್ನು ಸಾರಾಸಗಟಾಗಿ ಕೆಡಿಸುವಂತಿಲ್ಲ. 2015ರಲ್ಲಿ ಅದನ್ನು ರಕ್ತಕಣಗಳಲ್ಲಿ ಮಾತ್ರ ಚಾಲನೆಗೊಳಿಸುವ ಭಾಗವನ್ನು ಕ್ರಿಸ್ಪರಿನಿಂದ ಹೆಜ್ಜೆಹೆಜ್ಜೆಗೂ ಕತ್ತರಿಸಿ ಪರೀಕ್ಷಿಸಿ, ಯಾವ ಸ್ಥಳವನ್ನು ಮುಟ್ಟಿದರೆ ಸಾಕೆಂಬುದನ್ನು ಕಂಡುಹಿಡಿಯಲಾಯಿತು.

ಚಿಕಿತ್ಸೆ ಹುಟ್ಟಿದುದು ಈ ತಿಳಿವಳಿಕೆಯಿಂದ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ಆ ಒಂದು ಸ್ಥಳವನ್ನು ಕತ್ತರಿಸಿ, ಮತ್ತೆ ರೋಗಿಯ ದೇಹಕ್ಕೆ ಸೇರಿಸುತ್ತಾರೆ. ಅದಕ್ಕೆ ಮೊದಲು ಅಸ್ಥಿಮಜ್ಜೆಯಲ್ಲಿರುವ ಹಳೆಯ ಕೋಶಗಳನ್ನು ತೀಕ್ಷ್ಣವಾದ ಔಷಧದಿಂದ ತೆಗೆದುಹಾಕಬೇಕಾಗುತ್ತದೆ. ಇದು ಕಷ್ಟದ ಘಟ್ಟ. ಕ್ಯಾಸ್ಜೆವಿ ಎಂಬ ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಒಪ್ಪಿಗೆ ದೊರೆಯಿತು. ಸಾಕಷ್ಟು ಕಾಲ ಪರಿಶೀಲನೆಗೊಳಗಾದ 31 ಮಂದಿಯಲ್ಲಿ 29 ಮಂದಿ ಕಡೆಯ ಪಕ್ಷ ಒಂದು ವರ್ಷ ತೀವ್ರವಾದ ನೋವಿನ ಬಾಧೆಯಿಲ್ಲದೆ ಇದ್ದರು. ವಾಚಕರು ಒಂದಂಶವನ್ನು ಗಮನಿಸಬೇಕು: ಇಲ್ಲಿ ತಪ್ಪು ಅಕ್ಷರವನ್ನು ತಿದ್ದಿಲ್ಲ. ಅದನ್ನು ಹಾಗೆಯೇ ಬಿಟ್ಟು, ಮುಚ್ಚಿಹೋಗಿದ್ದ ಹಳೆಯ ಪುಟವೊಂದನ್ನು ತೆರೆದಿದ್ದಾರೆ.

ಅಕ್ಷರವನ್ನೇ ತಿದ್ದುವ ಕ್ರಮವೂ ಬಂದಿದೆ. 2025ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ, ರಕ್ತದಲ್ಲಿ ಅಮೋನಿಯ ಸೇರಿ ಪ್ರಾಣಾಪಾಯವನ್ನೊಡ್ಡುವ ಅಪರೂಪದ ರೋಗವಿದ್ದ ಒಂದು ಕೂಸಿಗೆ, ಆ ಕೂಸಿನದೇ ದೋಷಕ್ಕೆ ಹೊಂದುವ ಔಷಧವನ್ನು ಕೆಲವೇ ತಿಂಗಳಲ್ಲಿ ಸಿದ್ಧಪಡಿಸಿ ಕೊಡಲಾಯಿತು. ಅದರಿಂದ ಕೂಸಿನ ಸ್ಥಿತಿ ಸುಧಾರಿಸಿತು.

ಬೆಳೆಗಳಲ್ಲಿ

ಬೇಸಾಯದಲ್ಲಿ ಈ ವಿದ್ಯೆಯ ಉಪಯೋಗವನ್ನು ತಿಳಿಯಲು ನಮ್ಮವರಿಗೆ ಪರಿಚಿತವಾದ ಬಿಪಿಟಿ ಭತ್ತವನ್ನೇ ನೋಡೋಣ. ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ಸಾಂಬಾ ಮಹಸೂರಿ ಎಂಬ ಈ ತಳಿ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿರುಗುಪ್ಪ ಕಡೆಯ ಗದ್ದೆಗಳಲ್ಲಿಯೂ ನೆಲೆಯೂರಿದೆ. ಅನ್ನ ಸೊಗಸು, ಆದರೆ ಪೈರು ಕಟಾವಿಗೆ ಬರುವುದು ನಿಧಾನ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯವರು ತೆನೆಯ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಒಂದು ವಂಶವಾಹಿಯನ್ನು ಈ ತಳಿಯಲ್ಲಿ ಸಂಪಾದಿಸಿ ‘ಡಿಆರ್‌ಆರ್ ಧಾನ್ 100’ ಅಥವಾ ‘ಕಮಲಾ’ ಎಂಬ ತಳಿಯನ್ನು ರೂಪಿಸಿದರು. 2025ರ ಮೇ 4ರಂದು ಇದನ್ನೂ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ಡಿಎಸ್‌ಟಿ ರೈಸ್ 1’ ಎಂಬುದನ್ನೂ ಪ್ರಕಟಿಸಲಾಯಿತು. ಕಮಲಾ ಮೂಲ ತಳಿಗಿಂತ ಶೇಕಡ 19ರಷ್ಟು ಹೆಚ್ಚು ಇಳುವರಿ ಕೊಡುತ್ತದೆ, ಸುಮಾರು 20 ದಿನ ಮೊದಲೇ ಮಾಗುತ್ತದೆ ಎಂದು ಅದನ್ನು ರೂಪಿಸಿದವರ ಹೇಳಿಕೆ. 20 ದಿನವೆಂದರೆ ಅಷ್ಟು ದಿನಗಳ ನೀರಿನ ಉಳಿತಾಯ. ಕಾಲುವೆಯ ಕೊನೆಯಂಚಿನ ರೈತನಿಗೆ ಇದರ ಬೆಲೆ ಗೊತ್ತು.

ಬಿ.ಟಿ. ಹತ್ತಿಯಲ್ಲಿ ಬ್ಯಾಕ್ಟೀರಿಯದ ವಂಶವಾಹಿಯನ್ನು ತಂದು ಸೇರಿಸಲಾಗಿದೆ. ಈ ಭತ್ತಗಳಲ್ಲಿ ಹೊರಗಿನ ವಂಶವಾಹಿ ಉಳಿದಿಲ್ಲ. ಈ ಕಾರಣದಿಂದಲೇ ಕೇಂದ್ರ ಸರ್ಕಾರ 2022ರಲ್ಲಿ ಇಂತಹ ತಳಿಗಳಿಗೆ ಕುಲಾಂತರಿ ಬೆಳೆಗಳ ಕಟ್ಟುನಿಟ್ಟಿನ ನಿಯಮಗಳಿಂದ ವಿನಾಯಿತಿ ನೀಡಿತು. ಪರೀಕ್ಷೆ ಸಾಲದು, ಕತ್ತರಿಯ ಹಕ್ಕುಸ್ವಾಮ್ಯ ಪರದೇಶದವರ ಕೈಯಲ್ಲಿರುವಾಗ ಬೀಜದ ಸ್ವಾತಂತ್ರ್ಯ ಏನಾದೀತು ಎಂದು ಕೆಲವು ರೈತ ಸಂಘಟನೆಗಳು ಆಕ್ಷೇಪಿಸಿವೆ. ಇವು ಉತ್ತರಕ್ಕೆ ಅರ್ಹವಾದ ಪ್ರಶ್ನೆಗಳೇ.

ತಪ್ಪು ಪಾಠ ಯಾವುದು?

ಇಲ್ಲಿಯ ತನಕ ‘ತಪ್ಪು ಅಕ್ಷರ’ ಎಂಬ ಮಾತನ್ನು ನಿಃಶಂಕೆಯಿಂದ ಬಳಸಿದೆವು. ಈಗ ಅದನ್ನೇ ಪ್ರಶ್ನಿಸಬೇಕಾಗಿದೆ. ಕುಡುಗೋಲು ಕಣದ ಪಾಠ ನಿಜವಾಗಿ ಕೇವಲ ತಪ್ಪಾಗಿದ್ದರೆ ಸಾವಿರಾರು ವರ್ಷಗಳಲ್ಲಿ ಅದು ಅಳಿಸಿಹೋಗಬೇಕಾಗಿತ್ತು. ಅದು ಉಳಿದುದೇಕೆ? 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ನಡೆಸಿದ ಅಧ್ಯಯನದಿಂದ ಉತ್ತರ ದೊರೆಯಿತು. ಈ ಅಕ್ಷರವನ್ನು ಒಬ್ಬರಿಂದ ಮಾತ್ರ ಪಡೆದ ವಾಹಕರಿಗೆ ಮಲೇರಿಯ ಅಷ್ಟಾಗಿ ಮಾರಕವಾಗುವುದಿಲ್ಲ. ಮಲೇರಿಯದ ಕಾಡುಗಳಲ್ಲಿ ಬಾಳಿದ ಪೂರ್ವಿಕರನ್ನು ಉಳಿಸಿದ ಅಕ್ಷರವೇ ಅವರ ಕೆಲವು ಮಕ್ಕಳಿಗೆ ಮುಳುವಾಯಿತು. ಒಂದೇ ಪಾಠ ಒಂದು ಸಂದರ್ಭದಲ್ಲಿ ರಕ್ಷೆ, ಇನ್ನೊಂದರಲ್ಲಿ ಶಿಕ್ಷೆ. ಕ್ಲಿಷ್ಟಪಾಠವನ್ನು ಕಂಡೊಡನೆ ಅಶುದ್ಧವೆಂದು ತಿದ್ದಬಾರದೆಂಬ ಗ್ರಂಥಸಂಪಾದಕರ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಈ ಎಚ್ಚರಿಕೆಯನ್ನು ಮೀರಿದ ಪ್ರಸಂಗವೂ ನಡೆಯಿತು. 2018ರಲ್ಲಿ ಚೀನದ ವಿಜ್ಞಾನಿ ಹೆ ಜಿಯಾನ್‌ಕುಯಿ, ಎಚ್.ಐ.ವಿ. ತಗುಲದಿರಲೆಂದು ಭ್ರೂಣಗಳಲ್ಲಿಯೇ ಸಿಸಿಆರ್5 ಎಂಬ ವಂಶವಾಹಿಯನ್ನು ಸಂಪಾದಿಸಿದ್ದಾಗಿಯೂ, ಅವಳಿ ಹೆಣ್ಣುಮಕ್ಕಳು ಹುಟ್ಟಿರುವುದಾಗಿಯೂ ಸಾರಿದನು. ಆ ವಂಶವಾಹಿಯಾದರೋ ವೆಸ್ಟ್ ನೈಲ್ ಎಂಬ ಬೇರೊಂದು ವೈರಸ್ಸಿನ ವಿರುದ್ಧ ದೇಹಕ್ಕೆ ನೆರವಾಗುವಂತಹುದು. ಲೋಕವೆಲ್ಲ ಖಂಡಿಸಿತು, 2019ರ ಕೊನೆಯಲ್ಲಿ ಅವನಿಗೆ ಮೂರು ವರ್ಷ ಸೆರೆವಾಸದ ಶಿಕ್ಷೆಯಾಯಿತು.

ರೋಗಿಯ ರಕ್ತಕೋಶವನ್ನು ತಿದ್ದಿದರೆ ಆ ತಿದ್ದುಪಡಿ ಅವನೊಡನೆಯೇ ಮುಗಿಯುತ್ತದೆ, ಮತ್ತು ಅದಕ್ಕೆ ಅವನ ಒಪ್ಪಿಗೆ ಕೇಳಬಹುದು. ಭ್ರೂಣವನ್ನು ತಿದ್ದಿದರೆ ಅದು ಮಕ್ಕಳು ಮೊಮ್ಮಕ್ಕಳಿಗೂ ಸಾಗುತ್ತದೆ. ಅವರನ್ನು ಕೇಳುವ ಬಗೆಯಿಲ್ಲ. ಗ್ರಂಥಸಂಪಾದಕನು ತಾನು ಬಿಟ್ಟ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿ, ಮುಂದಿನ ವಿದ್ವಾಂಸನಿಗೆ ತನ್ನನ್ನು ತಿದ್ದಲು ಅವಕಾಶವೀಯುತ್ತಾನೆ. ವಂಶಕ್ಕೆ ಇಳಿಯುವ ಸಂಪಾದನೆಯಲ್ಲಿ ಅಡಿಟಿಪ್ಪಣಿಗೆ ಸ್ಥಳವಿಲ್ಲ.

ಹಾಡಿಯ ತನಕ

ಕಡೆಯದಾಗಿ ಇನ್ನೊಂದು ಮಾತು. ಕ್ಯಾಸ್ಜೆವಿಗೆ ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು. ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ. ಈ ರೋಗವಾದರೋ ನಮ್ಮಲ್ಲಿ ಹೆಚ್ಚಾಗಿರುವುದು ದಿನಗೂಲಿಯಿಂದ ಬದುಕುವ ಗಿರಿಜನರಲ್ಲಿ. ದೆಹಲಿಯ ಐ.ಜಿ.ಐ.ಬಿ. ಸಂಸ್ಥೆಯವರು ಸ್ವದೇಶಿ ಕ್ರಿಸ್ಪರ್ ಚಿಕಿತ್ಸೆಯೊಂದನ್ನು ರೂಪಿಸಿ, ಬಿರ್ಸಾ ಮುಂಡಾ ಅವರ ನೆನಪಿಗೆ ‘ಬಿರ್ಸಾ 101’ ಎಂದು ಹೆಸರಿಟ್ಟಿದ್ದಾರೆ. 2025ರ ನವೆಂಬರಿನಲ್ಲಿ ಅದು ಪ್ರಕಟವಾಯಿತು. ಅಲ್ಪವೆಚ್ಚದಲ್ಲಿ ದೊರೆಯುವಂತೆ ಮಾಡುವುದೇ ಅದರ ಗುರಿ. ಆ ಗುರಿ ನೆರವೇರಿದಂದು ಈ ವಿದ್ಯೆ ನಮ್ಮದಾಯಿತೆಂದು ಹೇಳಬಹುದು.

ಆದರೆ ಆ ದಿನಕ್ಕಾಗಿ ಕೈಕಟ್ಟಿ ಕುಳಿತಿರುವುದು ಸಲ್ಲದು. ನೋವಿನ ಬಾಧೆಯನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯ ಮಾತ್ರೆ ಈಗಾಗಲೇ ಇದೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು 7 ಕೋಟಿ ಜನರ ರಕ್ತಪರೀಕ್ಷೆಯನ್ನು ಗುರಿಯಾಗಿರಿಸಿಕೊಂಡಿದೆ. ಪರೀಕ್ಷೆಯ ಚೀಟಿಯಲ್ಲಿ ಬರೆದಿರುವುದೇನು, ವಾಹಕನೆಂದರೆ ರೋಗಿಯಲ್ಲವೆಂಬುದು ಹೇಗೆ, ಅದರಿಂದ ಮದುವೆ ಮುರಿಯಬೇಕಾಗಿಲ್ಲವೇಕೆ ಎಂಬುದನ್ನು ಜನರ ಭಾಷೆಯಲ್ಲಿ ವಿವರಿಸುವವರು ಬೇಕು. ಆ ಕೆಲಸಕ್ಕೆ ಪ್ರಯೋಗಶಾಲೆ ಬೇಡ. ವಿಷಯವನ್ನು ಅರಿತು ತಿಳಿಯಾಗಿ ಹೇಳಬಲ್ಲ, ಕಲಾ ವಿಭಾಗದ ಪದವೀಧರರೂ ಅದನ್ನು ಮಾಡಬಲ್ಲರು.