ಪುತ್ರಿಯ ಭಾಗ

ಅಕ್ಕ ನಾಗಮ್ಮನಿಗಿಲ್ಲದ ಉಪನಯನವು ತಮಗೂ ಬೇಡವೆಂದು ಬಾಲಕ ಬಸವಣ್ಣನವರು ಮನೆ ತೊರೆದರೆಂಬುದು ಶರಣಪರಂಪರೆಯ ಮಾತು. ಲಿಂಗದೀಕ್ಷೆಯು ಸ್ತ್ರೀಪುರುಷರಿಗೆ ಸಮನಾಗಿ ಸಂದಿತು. ಹೊಲಮನೆಗಳ ಪಾಲು ಮಾತ್ರ ಹಾಗೆ ಸಲ್ಲಲಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರಗಳು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1933ರ ಶಾಸನವು ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಪುತ್ರಿಯರಿಗೂ ಭಾಗವನ್ನು ವಿಧಿಸಿತು. ಸ್ತ್ರೀಯರ ಮೇಲಣ ಸರ್ವವಿಧ ತಾರತಮ್ಯವನ್ನು ನಿವಾರಿಸುವ ಒಡಂಬಡಿಕೆಯನ್ನು ವಿಶ್ವಸಂಸ್ಥೆಯು 1979ರಲ್ಲಿ ಅಂಗೀಕರಿಸಿತು. ಭಾರತವು 1993ರಲ್ಲಿ ಅದಕ್ಕೆ ಬದ್ಧವಾಯಿತು. ಕಾನೂನನ್ನಲ್ಲದೆ, ಸ್ತ್ರೀಯನ್ನು ಕೀಳೆಂದೆಣಿಸುವ ರೂಢಿಯನ್ನೂ ತಿದ್ದಬೇಕೆಂಬುದು ಅದರ 5ನೆಯ ವಿಧಿಯ ತಾತ್ಪರ್ಯ. 1994ರಲ್ಲಿ ಕರ್ನಾಟಕವು ಅವಿವಾಹಿತ ಪುತ್ರಿಯರಿಗೆ, 2005ರಲ್ಲಿ ಕೇಂದ್ರವು ವಿವಾಹಿತೆಯರಿಗೂ, ಅವಿಭಕ್ತ ಪಿತ್ರಾರ್ಜಿತದಲ್ಲಿ ಪುತ್ರಸಮಾನವಾದ ಜನ್ಮಸಿದ್ಧ ಹಕ್ಕನ್ನಿತ್ತವು. 2005ರಲ್ಲಿ ತಂದೆ ಜೀವಿಸಿರದಿದ್ದರೂ ಆ ಹಕ್ಕು ಉಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು.

ಆದರೂ ಅಡಕೆಯ ತೋಟವಾಗಲಿ, ರಾಗಿಯ ಹೊಲವಾಗಲಿ, ಪಾಲಾಗುವಾಗ ಸೋದರಿಗೆ ಸೀರೆ ಕುಪ್ಪಸವಿತ್ತು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ರೂಢಿ ಅಳಿದಿಲ್ಲ. ‘ಮದುವೆಗೆ ವೆಚ್ಚಮಾಡಲಿಲ್ಲವೆ?’ ಎಂದು ಕೆಲವರು ಕೇಳಬಹುದು. ಮಗನ ಮದುವೆಯೂ ವೆಚ್ಚವಿಲ್ಲದೆ ನಡೆಯದು. ಅವನ ಪಾಲನ್ನು ಅದಕ್ಕಾಗಿ ಯಾರೂ ಕಳೆಯರು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಬೀಳುವ ಸಹಿಯು ಸಮ್ಮತಿಯಲ್ಲ. ತನ್ನ ಭಾಗವಿಷ್ಟೆಂದರಿತು, ಒತ್ತಾಯವಿಲ್ಲದೆ ಬಿಟ್ಟರೆ ಅದು ತ್ಯಾಗ. ಅರಿಯಗೊಡದೆ ಬಿಡಿಸಿಕೊಂಡರೆ ಪರಧನಾಪಹಾರ. ಸದ್ಭಕ್ತರು ಪತ್ರ ಬರೆಯಿಸುವ ಮುನ್ನ ಈ ಭೇದವನ್ನು ವಿಚಾರಿಸತಕ್ಕದ್ದು.